ಮನೆಗೆ ಬಂದ ಮತಪೆಟ್ಟಿಗೆ

ನಮ್ಮ ಅತ್ತೆ ಯಾರಿಗೆ ಓಟು ಹಾಕುತ್ತಾರೆ ಎನ್ನುವುದು ಯಲಬುರ್ಗಾದ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಬದುಕಿರುವ ತನಕ ಮಾವನವರಿಗೂ ಗೊತ್ತಾಗಲಿಲ್ಲ. ಮಾವನವರದು ಗಟ್ಟಿ ದನಿ. ಯಾವ ಎತ್ತು ಮಾರಬೇಕು, ಯಾವ ಮನೆಯ ಹೆಣ್ಣು ತರಬೇಕು, ಸಾರಿಗೆ ಎಷ್ಟು ಖಾರ ಬೀಳಬೇಕು, ಎಲ್ಲದರಲ್ಲೂ ಅವರದೇ ಮಾತು. ಚುನಾವಣೆಯ ದಿನ ಹೊಸ್ತಿಲ ಬಳಿ ನಿಂತು, ಯಾವ ಗುರುತಿಗೆ ಹಾಕಬೇಕೆಂದು ಮನೆಯ ಹೆಂಗಸರಿಗೆಲ್ಲ ಹೇಳಿ ಕಳಿಸುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು "ಹೂಂ" ಅನ್ನುತ್ತಿದ್ದರು. ತಿರುಗಿ ಬಂದ ಮೇಲೆ "ಯಾರಿಗೆ ಹಾಕಿದಿ?" ಎಂದು ಕೇಳಿದರೆ, "ಹಾಕೋರಿಗೆ ಹಾಕೀನಿ, ಉಣ್ಣಾಕ ಏಳ್ರಿ" ಎನ್ನುತ್ತಿದ್ದರು. ಮಾವನವರು ಅಲ್ಲಿಗೆ ಸುಮ್ಮನಾಗುತ್ತಿದ್ದರು. ಹಸಿದ ಗಂಡಸಿನ ಮುಂದೆ ರೊಟ್ಟಿ ಬಡಿಸಿದ ಮೇಲೆ ರಾಜಕೀಯ ಎಲ್ಲಿ ನಿಲ್ಲುತ್ತದೆ?

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಜೋಳ ಹಸನು ಮಾಡುತ್ತ ಕೂತಾಗ ಕೇಳಿದ್ದೆ. ಯಾರಿಗೆ ಹಾಕಿದಿರಿ ಎಂದಲ್ಲ, ಅಷ್ಟು ಧೈರ್ಯ ನನಗಿರಲಿಲ್ಲ. ಓಟಿನ ದಿನ ಅಷ್ಟು ಲಗುಬಗೆಯಿಂದ, ಇಳಕಲ್ ಸೀರೆ ಉಟ್ಟು ಮತಗಟ್ಟೆ ಇರುವ ಕನ್ನಡ ಸಾಲಿಯ ಕಡೆಗೆ ಹೊರಡುತ್ತೀರಲ್ಲ, ಯಾಕೆ ಎಂದು ಕೇಳಿದ್ದೆ.

"ಅಲ್ಲಿ ಆ ರಟ್ಟಿನ ಹಿಂದ ಯಾರೂ ಇರಂಗಿಲ್ಲ ನೋಡವಾ," ಎಂದಿದ್ದರು. "ಮನ್ಯಾಗ ಬಚ್ಚಲಕ್ಕ ಹೋದ್ರೂ ಹೊರಗಿಂದ ಒಬ್ರು ಕರೀತಿರತಾರ. ಅಲ್ಲಿ ಯಾರೂ ಕರೆಯಂಗಿಲ್ಲ."

ನಾನು ಓದಿದ ಪೌರನೀತಿಯ ಪುಸ್ತಕದಲ್ಲಿ ಗುಪ್ತ ಮತದಾನದ ಬಗ್ಗೆ ಒಂದು ಪಾಠವೇ ಇತ್ತು. ನನಗೆ ಅದು ತಿಳಿದದ್ದು ಮಾತ್ರ ಈ ಮಾತಿನಿಂದ.

ಆಮೇಲೆ ನಾನು ಕುಷ್ಟಗಿ ತಾಲೂಕಿನಲ್ಲಿ ಶಾಲೆಯ ಟೀಚರಾದೆ. ಚುನಾವಣೆ ಬಂತೆಂದರೆ ನಮಗೆ ಡ್ಯೂಟಿ ಕಟ್ಟಿಟ್ಟ ಬುತ್ತಿ. ಊರವರ ಓಟು ಹಾಕಿಸಲು ಹೋಗಿ ನಮ್ಮ ಓಟು ಕಳೆದುಕೊಂಡದ್ದೂ ಉಂಟು. ಈಗ ತರಬೇತಿ ಕೊಡುವ ಕಡೆಯಲ್ಲೇ ಅಂಚೆ ಮತದ ಕಾಗದ ಕೈಗೆ ಬರುತ್ತದೆ. ಅದು ಬಹಳ ದೊಡ್ಡ ಅನುಕೂಲ, ಇಲ್ಲವೆನ್ನುವುದಿಲ್ಲ. ಆದರೆ ಗುರುತು ಹಾಕಿ ಒಂದು ಲಕೋಟೆ, ಘೋಷಣೆಯ ಪತ್ರದ ಜೊತೆ ಅದನ್ನು ಸೇರಿಸಿ ಇನ್ನೊಂದು ಲಕೋಟೆ. ಘೋಷಣೆಗೆ ಸಹಿ ಮರೆತರೆ ಎಣಿಕೆಯ ದಿನ ಒಳಗಿನ ಲಕೋಟೆಯನ್ನು ಬಿಚ್ಚುವುದೇ ಇಲ್ಲ. ಪರೀಕ್ಷೆಯಲ್ಲಿ ಮಕ್ಕಳಿಗೆ "ಹೆಸರು ಬರದೀರೇನು" ಎಂದು ಗಂಟಲು ಹರಿದುಕೊಳ್ಳುವ ಮಾಸ್ತರರೇ ಸಹಿ ಮರೆಯುತ್ತಾರೆ. ಅದೂ ಅಲ್ಲದೆ, ಪಕ್ಕದಲ್ಲಿ ಗೆಳತಿ, ಎದುರಿಗೆ ಹೆಡ್‌ಮಾಸ್ತರರು, "ಆತೇನ್ರಿ ಟೀಚರ್" ಎನ್ನುವ ಅವಸರ. ನಾನೂ ಅಂಗೈ ಅಡ್ಡ ಹಿಡಿದು, ಕಾಪಿ ಹೊಡೆಯುವ ಹುಡುಗಿಯ ಹಾಗೆ ಗುರುತು ಹಾಕಿದ್ದೇನೆ.

ಹಿಂದಿನ ಲೋಕಸಭಾ ಚುನಾವಣೆಯಲ್ಲಿ, ಎಂಬತ್ತೈದು ದಾಟಿದವರು ಅರ್ಜಿ ಕೊಟ್ಟರೆ ಸಿಬ್ಬಂದಿಯೇ ಮನೆಗೆ ಬಂದು ಓಟು ಹಾಕಿಸಿಕೊಂಡು ಹೋಗುತ್ತಾರೆ ಎಂದು ತಿಳಿದಾಗ, ಎಲ್ಲರಿಗಿಂತ ಖುಷಿಯಾದದ್ದು ನಮ್ಮ ಮನೆಯವರಿಗೆ. ಅವರದು ಗೊಬ್ಬರ-ಬೀಜದ ಅಂಗಡಿ. ಒಂದು ಪಕ್ಷದ ಮೇಲೆ ಅವರಿಗೆ ವಿಪರೀತ ಪ್ರೀತಿ. ಆ ಪಕ್ಷದವರಿಗೆ ಇವರ ಗುರುತು ಅಷ್ಟಾಗಿ ಇಲ್ಲ, ಇವರು ಮಾತ್ರ ಬಿಡುವುದಿಲ್ಲ. ಯೂರಿಯಾ ಕೇಳಲು ಬಂದವರಿಗೂ ಒಂದು ಭಾಷಣ ಪುಕ್ಕಟೆ. ಇಷ್ಟೆಲ್ಲ ಆಡಿಕೊಂಡರೂ ಒಂದು ಮಾತು ಹೇಳಬೇಕು. ತಾಯಿಯನ್ನು ಇವರಷ್ಟು ನೋಡಿಕೊಳ್ಳುವ ಮಗನನ್ನು ನಾನು ಕಂಡಿಲ್ಲ. ಅದಕ್ಕೂ ಹಿಂದಿನ ಸಲ ಬಿಸಿಲಲ್ಲಿ ಸಾಲಿಗೆ ಹೋಗಿ ಬಂದ ಅತ್ತೆ ತಲೆ ತಿರುಗಿ, ಮೂರ್ನಾಲ್ಕು ದಿನ ಹಾಸಿಗೆ ಹಿಡಿದಿದ್ದರು. ಇವರು ಅಂಗಡಿಯ ಬಾಗಿಲು ಹಾಕಿ ಪಕ್ಕದಲ್ಲೇ ಕೂತು ಬೀಸಣಿಕೆಯಿಂದ ಗಾಳಿ ಹಾಕಿದ್ದರು. ಹೀಗಾಗಿ ಅರ್ಜಿ ತಂದವರೂ ಇವರೇ, ತಾಯಿಯ ಹೆಬ್ಬೆಟ್ಟಿಗೆ ಇಂಕು ಹಚ್ಚಿದವರೂ ಇವರೇ.

ಹೆಬ್ಬೆಟ್ಟು ಒತ್ತುವ ಮೊದಲು ನಾನು ಅಂದೆ: "ಅತ್ತೀ, ಇದನ್ನ ಕೊಟ್ಟ ಮ್ಯಾಲ ಸಾಲಿಗೆ ಹೋಗಿ ಹಾಕಾಕ ಬರಂಗಿಲ್ರಿ. ಪಟ್ಟಿಯಾಗ ನಿಮ್ಮ ಹೆಸರಿನ ಮುಂದ ಗುರುತು ಮಾಡತಾರ."

ಅತ್ತೆ ಮಗನ ಮುಖ ನೋಡಿದರು. ಇವರು ಆಗಲೇ ಇಂಕಿನ ಡಬ್ಬಿಯ ಮುಚ್ಚಳ ತೆಗೆದು ಕೂತಿದ್ದರು. "ಇಂವ ಇಷ್ಟು ಆಸೆಪಟ್ಟಾನ, ಆಗಲಿ ಬಿಡವಾ" ಎಂದು ಅತ್ತೆ ಕೈ ಚಾಚಿದರು. ಮಾವನವರ ಗಟ್ಟಿ ದನಿಗೆ ಒಂದು ದಿನವೂ ಬಗ್ಗದ ಹೆಂಗಸು ಮಗನ ಮೆತ್ತನೆಯ ಮಾತಿಗೆ ಬಗ್ಗಿದ್ದು ನನಗೆ ಸರಿ ಬರಲಿಲ್ಲ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹುಳ. ಇಷ್ಟು ವರ್ಷ ಯಾರ ಕೈಗೂ ಸಿಗದ ಈ ಓಟು ಈ ಸಲ ಅತ್ತೆಯದಾಗಿಯೇ ಉಳಿಯುತ್ತದೋ ಇಲ್ಲವೋ.

ಇನ್ನೊಂದು ತೊಡಕು ಪೆನ್ನಿನದು. ಮನೆಯಲ್ಲಿ ಹಾಕುವ ಓಟೂ ಅಂಚೆ ಮತದ ಹಾಗೆ ಕಾಗದದ ಮೇಲೆಯೇ. ಅತ್ತೆ ಠಸ್ಸೆ ಒತ್ತಿದವರು, ಬಟನ್ ಒತ್ತಿದವರು. ಪೆನ್ನು ಹಿಡಿದವರಲ್ಲ. ಕೈ ಬೇರೆ ನಡುಗುತ್ತದೆ. ಗೆರೆ ಒಂದು ಹೆಸರಿನ ಚೌಕ ದಾಟಿ ಪಕ್ಕದ ಮನೆಗೆ ಹೋಗಿಬಿಟ್ಟರೆ ಆ ಓಟು ಯಾರದೂ ಅಲ್ಲ. ನಾನು ಶಾಲೆಯಿಂದ ಒಂದು ಪಾಟಿ, ಬಳಪ ತಂದು, ಮನೆಗಳನ್ನು ಕೊರೆದು, ಒಂದೊಂದೇ ಮನೆಯಲ್ಲಿ ರೈಟು ಹಾಕುವುದನ್ನು ಕಲಿಸಿದೆ. ಸಂಜೆ ಹೊತ್ತು ಪಡಸಾಲೆಯಲ್ಲಿ ನಮ್ಮ ಶಾಲೆ. ಅತ್ತೆ ನಾಲಗೆ ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಸರಿಯಾಗಿ ಬಂದರೆ ನನ್ನ ಮುಖ ನೋಡಿ ನಗುತ್ತಿದ್ದರು. ನನ್ನ ಒಂದನೇ ಇಯತ್ತೆಯ ಮಕ್ಕಳಲ್ಲಿ ಅಷ್ಟು ಶ್ರದ್ಧೆಯವರು ಯಾರೂ ಇಲ್ಲ. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದೆ ಎಂದು ಆ ಸಂಜೆಗಳಲ್ಲಿ ತಿಳಿಯಿತು.

ಸಿಬ್ಬಂದಿ ಬರುವ ದಿನ ಮೊದಲೇ ತಿಳಿಸಿದ್ದರು. ನಮ್ಮ ಮನೆ ಕನ್ಯೆ ನೋಡಲು ಬರುವವರಿಗಾಗಿ ಸಜ್ಜಾದ ಹಾಗೆ ಸಜ್ಜಾಯಿತು. ಅಂಗಳ ಸಾರಿಸಿ, ಜಮಖಾನೆ ಹಾಸಿ, ಮಂಡಕ್ಕಿಯ ಸೂಸಲಕ್ಕೆ ಮಂಡಾಳು ತೋಯಿಸಿ, ಮಿರ್ಚಿ ಹಿಟ್ಟು ಕಲಸಿ ಇಟ್ಟೆವು. ಗಂಗಾವತಿಯಿಂದ ನಾದಿನಿ ತನ್ನ ಗಂಡನೊಂದಿಗೆ ಬಂದಳು. ಓಣಿಯ ಹೆಂಗಸರು ಗೋಡೆಗೆ ಬೆನ್ನು ಆನಿಸಿ ಕೂತರು.

ಒಬ್ಬ ಅಧಿಕಾರಿ, ಒಬ್ಬ ಸಹಾಯಕಿ, ಪೊಲೀಸ್ ಒಬ್ಬರು, ವಿಡಿಯೋದ ಹುಡುಗ, ಇಷ್ಟು ಜನ ಬಂದರು. ಬೆಳಿಗ್ಗೆಯಿಂದ ಬಿಸಿಲಲ್ಲಿ ಮನೆ ಮನೆ ತಿರುಗಿ ಬಸವಳಿದಿದ್ದರು. ಸೂಸಲ ಬೇಡ, ಚಹಾ ಬೇಡ, ಯಾರ ಮನೆಯಲ್ಲೂ ಏನೂ ತಿನ್ನುವಂತಿಲ್ಲ ಎಂದರು. ನಮ್ಮ ಮನೆಯವರ ಮುಖ ಸಣ್ಣದಾಯಿತು. ಅಧಿಕಾರಿ ಮೂಲೆಯ ಸ್ಟೂಲಿನ ಮೇಲೆ ರಟ್ಟಿನ ಮರೆ ನಿಲ್ಲಿಸಿ, ಅತ್ತೆಯ ಗುರುತಿನ ಚೀಟಿ ನೋಡಿ, ಕಾಗದ ಮಡಚುವುದು ಹೇಗೆಂದು ತೋರಿಸಿದರು. ಆಮೇಲೆ ಮೆಲ್ಲಗೆ ಅಂದರು: "ಹೊರಗಿನವರು ಸ್ವಲ್ಪ ಆ ಕಡಿ ಹೋಗ್ರಿ."

ಓಣಿಯ ಹೆಂಗಸರು ಎದ್ದು ಹೋದರು. ನಾವು ನಾಲ್ವರು, ಅವರು ಬಿಟ್ಟ ಜಾಗದಲ್ಲಿ ಇನ್ನಷ್ಟು ಸರಿದು ಆರಾಮಾಗಿ ಕೂತೆವು. ನಗಬೇಡಿ, ಡ್ಯೂಟಿ ಮಾಡಿದ ನಾನೂ ಕೂತಿದ್ದೆ. ಮನೆಯವರು ಎಲ್ಲಾದರೂ ಹೊರಗಿನವರಾಗುತ್ತಾರೆಯೇ?

ಅಧಿಕಾರಿ ಕೆಮ್ಮಿದರು. "ಎಲ್ಲಾರೂ ಹೋಗಬೇಕ್ರಿ."

"ಎಲ್ಲಾರೂ ಹೋಗ್ಯಾರಲ್ರಿ," ಎಂದರು ನಮ್ಮ ಮನೆಯವರು, ಸುತ್ತ ನೋಡಿ. "ಈಗ ಇರೋರು ಮನಿಯವರು. ಅವ್ವನ ಕಣ್ಣು ಮಂದ ಅದಾವ್ರಿ, ಕೈ ನಡಗತೈತಿ. ಗುರುತು ನಾ ಹಾಕತೀನಿ. ಜೋಡಿ ಒಬ್ಬರು ಇರಬೌದಂತಲ್ಲ?"

ಸಾಲಿಯಲ್ಲಾಗಿದ್ದರೆ ಆ ಅಧಿಕಾರಿ ಇಂಥವರನ್ನು ಒಂದು ಮಾತಿಗೆ ಬಾಗಿಲಾಚೆ ಕಳಿಸುತ್ತಿದ್ದರು. ಅಲ್ಲಿ ಅವರು ಯಜಮಾನರು. ಇಲ್ಲಿ ನಮ್ಮ ಜಮಖಾನೆಯ ಮೇಲೆ ಕೂತ ಬೀಗರ ಹಾಗೆ ಇದ್ದರು. ಬಂದ ಮನೆಯ ಯಜಮಾನನಿಗೆ ಹೊರಗೆ ಹೋಗು ಎನ್ನುವುದು ನಮ್ಮ ಕಡೆಯವರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಅವರು ಅತ್ತೆಯನ್ನೇ ಕೇಳಿದರು: "ಅಮ್ಮಾರ, ನಿಮಗ ಕಾಣತೈತೋ ಇಲ್ಲೋ? ಒಬ್ರ ಸಹಾಯ ಬೇಕೇನ್ರಿ?"

ಅತ್ತೆಗೆ ಒಂದು ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಶ್ರೀರಾಮನಗರದ ಮಿಲ್ಲಿನ ಅಕ್ಕಿಯಲ್ಲಿ ಈಗ ಕಲ್ಲೇ ಇರುವುದಿಲ್ಲ, ಆದರೂ ದಿನಾ ಆರಿಸಿ ಎಲ್ಲೋ ಒಂದನ್ನು ಹುಡುಕಿ ನನ್ನ ಮುಂದೆ ಹಿಡಿಯುವ ಕಣ್ಣು ಅದು. ಅಭ್ಯರ್ಥಿಗಳ ಫೋಟೋ ಗುರುತು ಹಿಡಿಯುವುದು ಅದಕ್ಕೆ ದೊಡ್ಡದಲ್ಲ. ಆದರೆ ಬಂದವರ ಎದುರಿಗೆ "ಮಗ ಬ್ಯಾಡ" ಎಂದು ಹೇಗೆ ಹೇಳುತ್ತಾರೆ? ಹೇಳಿದರೆ ಮಗನ ಮಾನ ಹೋಯಿತು, ಹೇಳದಿದ್ದರೆ ಓಟು ಹೋಯಿತು.

ಅತ್ತೆ ಅಧಿಕಾರಿಗೆ ಉತ್ತರ ಕೊಡಲಿಲ್ಲ. ಮಗನ ಕಡೆ ತಿರುಗಿದರು. "ತಮ್ಮಾ, ಬಿಸಲಾಗ ಬಂದಾರ, ಏನೂ ಮುಟ್ಟವಲ್ರು. ನೀರರೆ ಕುಡೀಲಿ. ಈ ಕೊಳಾಯಿ ಉಪ್ಪುನೀರು ಕೊಡಬ್ಯಾಡ, ಹೋಗಿ ಒಂದು ಕ್ಯಾನು ಫಿಲ್ಟರ್ ನೀರು ಹಿಡಕೊಂಡು ಬಾ."

ಬೆಳಿಗ್ಗೆಯಷ್ಟೇ ಇವರು ತಂದಿಟ್ಟ ತುಂಬಿದ ಕ್ಯಾನು ಅಡುಗೆಮನೆಯಲ್ಲಿತ್ತು. ಇವರಿಗೂ ಗೊತ್ತು, ನನಗೂ ಗೊತ್ತು. ಆದರೆ ಬಂದವರಿಗೆ ನೀರು ತಾ ಎಂದು ತಾಯಿ ಹೇಳಿದ ಮೇಲೆ, ಆಮೇಲೆ ತರುತ್ತೇನೆ ಎನ್ನುವ ಮಗ ನಮ್ಮ ಊರಲ್ಲಿ ಇನ್ನೂ ಹುಟ್ಟಿಲ್ಲ. ಇವರು ಇನ್ನೊಂದು ಖಾಲಿ ಕ್ಯಾನು ಎತ್ತಿಕೊಂಡು ಗಾಡಿ ಚಾಲೂ ಮಾಡಿದರು.

ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ನನಗೂ ನಾದಿನಿಗೂ, "ನೀರಿನ ಜೋಡಿ ಬೆಲ್ಲ ಬೇಕು, ಇಬ್ರೂ ಹೋಗಿ ಒಡದು ತರ್ರಿ" ಎಂದರು. ಅಂಗೈಯಷ್ಟು ಬೆಲ್ಲ ಒಡೆಯಲು ಇಬ್ಬರು. ಉಳಿದವರು ಅಳಿಯ. ಅಳಿಯನಿಗೆ ಕೆಲಸ ಹೇಳುವ ಹಾಗಿಲ್ಲ, ಆತನ ಎದುರು ಅತ್ತೆ ಮಾತು ಕೂಡ ಅಷ್ಟಾಗಿ ಆಡುವುದಿಲ್ಲ. ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಅತ್ತೆ ಸುಮ್ಮನೆ ಸೆರಗನ್ನು ಹಣೆಯ ತನಕ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತರು. ಇದು ಹಳೇ ಕಾಲದ ಮರ್ಯಾದೆ. ಅತ್ತೆಯಾದವಳು ಹೀಗೆ ಕೂತರೆ ಅಳಿಯ ಎದ್ದು ಹೋಗಬೇಕು. ನಾದಿನಿಯ ಗಂಡ ಗಡಬಡಿಸಿ ಎದ್ದು, ಚಪ್ಪಲಿ ಮೆಟ್ಟಿ ಬೇವಿನ ಗಿಡದ ಕೆಳಗೆ ಹೋಗಿ ನಿಂತರು.

"ನನಗ ಕಾಣತೈತ್ರಿ ಸಾಹೇಬ್ರ," ಎನ್ನುವ ಅತ್ತೆಯ ದನಿ ಆಮೇಲೆ ಕೇಳಿತು. "ಪೆನ್ನು ಕೊಡ್ರಿ."

ಅಧಿಕಾರಿ ಬಾಗಿಲ ಕಡೆ ಮುಖ ಮಾಡಿ ನಿಂತರು, ವಿಡಿಯೋದವನೂ ಕ್ಯಾಮೆರಾ ತಿರುಗಿಸಿದ. ನಾನು ಬೆಲ್ಲದ ಮುಂದೆ ಕೂತು ಕಿವಿ ಕೊಟ್ಟೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಾಲಗೆ ಹೊರಗೆ ಚಾಚಿರುತ್ತಾರೆ ಎಂದುಕೊಂಡೆ. ಗೆರೆ ಮನೆಯೊಳಗೇ ಬಿತ್ತೋ, ಪಕ್ಕಕ್ಕೆ ಹೋಯಿತೋ ದೇವರೇ ಬಲ್ಲ. ಆಮೇಲೆ ಲಕೋಟೆಗೆ ಅಂಟು ಹಚ್ಚಿ, ಘೋಷಣೆಗೆ ಹೆಬ್ಬೆಟ್ಟು ಒತ್ತಿಸಿ, ಅದರ ಕೆಳಗೆ ಅಧಿಕಾರಿ ಸಹಿ ಮಾಡಿದರು. ಲಕೋಟೆ ಪೆಟ್ಟಿಗೆಗೆ ಬಿತ್ತು. ಇವರು ಕ್ಯಾನು ಹೆಗಲ ಮೇಲೆ ಹೊತ್ತು ಬೆವರುತ್ತ ಬರುವ ಹೊತ್ತಿಗೆ ರಟ್ಟಿನ ಮರೆಯನ್ನು ಮಡಚಿಯಾಗಿತ್ತು. ಅಧಿಕಾರಿ ಬೆಲ್ಲ ಮುಟ್ಟಲಿಲ್ಲ, ನೀರು ಮಾತ್ರ ಎರಡು ತಂಬಿಗೆ ಕುಡಿದರು.

ನಮ್ಮ ಮನೆಯಿಂದ ಅವರು ಓಣಿಯ ತುದಿಯ ಮನೆಗೆ ಹೋದರು. ಅಲ್ಲಿಯ ಹಿರಿಯರು ಸೊಂಟ ಮುರಿದು ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದವರು. ಓಟು ಹಾಕಿದ ಮೇಲೆ ಮಲಗಿದಲ್ಲೇ ಕೈ ಮುಗಿದು ಅತ್ತರಂತೆ, ತಾನಿನ್ನೂ ಊರಿನ ಲೆಕ್ಕದಲ್ಲಿ ಇದ್ದೇನೆ ಎಂದು. ಅದನ್ನು ಕೇಳಿದ ಮೇಲೆ, ಮನೆಗೆ ಬರುವ ಈ ಪೆಟ್ಟಿಗೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಅದು ಬಾಗಿಲು ತೆರೆಯಿತು. ನಮ್ಮ ಮನೆಯಲ್ಲಿ ಬಾಗಿಲ ತುಂಬ ನಾವೇ ನಿಂತಿದ್ದೆವು, ಅಷ್ಟೇ.

ಮಧ್ಯಾಹ್ನ ಇವರು ಊಟಕ್ಕೆ ಕೂತರು. ರೊಟ್ಟಿ ಮುರಿಯುತ್ತಾರೆ, ತಟ್ಟೆಯಲ್ಲೇ ಇಡುತ್ತಾರೆ. ಸಿಟ್ಟಲ್ಲ, ನೋವಾಗಿತ್ತು. ನನಗೂ ಕೆಟ್ಟನಿಸಿತು. ಕಡೆಗೆ ಇವರು ತಾಯಿಯನ್ನೇ ಕೇಳಿದರು.

"ನನ್ನ ಮ್ಯಾಲ ನಂಬಿಕಿ ಇಲ್ಲೇನಬೇ? ನೀ ಹೇಳಿದವರಿಗೇ ಹಾಕತಿದ್ದೆ ನಾ. ನಿನ್ನಾಣಿ."

"ಗೊತ್ತೈತಪಾ," ಎಂದರು ಅತ್ತೆ. ತಟ್ಟೆಯ ಅಂಚಿಗೆ ಶೇಂಗಾ ಚಟ್ನಿ ಹಾಕಿ, ಮೇಲೆ ಎಣ್ಣೆ ಬಿಟ್ಟರು. "ನೀ ಹಾಕತಿದ್ದಿ. ಆದ್ರ ಯಾರ ಹೆಸರು ಹೇಳಬೇಕಂತ ನಾ ನಿನ್ನ ಮಾರಿ ನೋಡತಿದ್ದೆ. ನಿಮ್ಮಪ್ಪ ಒದರಿದ್ರ ನನಗೇನೂ ಆಗತಿದ್ದಿಲ್ಲ. ನೀ ಹಂಗ ಆಸೆಗಣ್ಣಿಲೆ ಮುಂದ ಕುಂತ್ರ, ನಿನಗ ಬೇಕಾದವರ ಹೆಸರ ಹೇಳಿಬಿಡತಿದ್ದೆ. ಅದಕ್ಕ ಕಳಿಸಿದೆ."

ಇವರು ಚಟ್ನಿಯಲ್ಲಿ ರೊಟ್ಟಿ ಅದ್ದಿ ಬಾಯಿಗಿಟ್ಟು, ಅಗಿಯುತ್ತಲೇ ನನಗೆ ಅಂದರು:

"ಮುಂದಿನ ಸಲ ಆ ಅರ್ಜಿ ತರೂದು ಬ್ಯಾಡ. ಹೊತ್ತೇರೂದ್ರಾಗ ಕಾರು ಮಾಡಿಕೊಂಡು ಸಾಲಿಗೇ ಕರಕೊಂಡು ಹೋಗತೀನಿ."

"ನೀ ಗೇಟಿನ ಹೊರಗ ನಿಂದ್ರಬೇಕು," ಎಂದರು ಅತ್ತೆ.

"ನಿಂದ್ರತೀನಿ," ಎಂದರು ಇವರು.