ದನದ ಡಾಕ್ಟ್ರು ಅಂತ ಬರೆದುಕೊಂಡ ನಂಬರು

ನಮ್ಮ ಊರು ಮಂಡ್ಯ ಜಿಲ್ಲೆಯ ಕೊಪ್ಪದಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಊರಿನ ಹೆಂಗಸರ ಡೈರಿಯಲ್ಲಿ ನಾನು ಟೆಸ್ಟರ್. ತಂದ ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ನೋಡಿ, ಅಳೆದು, ಕ್ಯಾನಿಗೆ ಸುರಿಯುವ ಕೆಲಸ. ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ. ನೀರು ಹಾಕಿ ತಂದವರಿಗೆ, "ಏನಕ್ಕ, ನಿಮ್ಮ ಅಸ ಕೆರೆಗೆ ಬಿದ್ದಿತ್ತಾ?" ಅಂತ ನಾಲ್ಕು ಜನರೆದುರೇ ಕೇಳುವಷ್ಟು ಬಾಯಿ ನನಗಿದೆ. ಇಂಥ ಬಾಯಿಬಡುಕಿ ಹೆದರುಪುಕ್ಕಲಿ ಅಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಖಾಕಿ ಬಟ್ಟೆ ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತಿದ್ದದ್ದು ನಿಜ.

ಅದು ಅಪ್ಪನಿಂದ ಬಂದ ಹೆದರಿಕೆ. ನಾನು ಚಿಕ್ಕವಳಿದ್ದಾಗ ಬದುವಿನ ಜಗಳಕ್ಕೆ ಅಪ್ಪನನ್ನು ಸ್ಟೇಷನ್ನಿಗೆ ಕರೆಸಿದ್ದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಚಪ್ಪಲಿ ಬಿಡಿಸಿ ನೆಲದ ಮೇಲೆ ಕೂರಿಸಿ, ಆಮೇಲೆ ಹೋಗು ಅಂದರಂತೆ. ಅಪ್ಪ ಮನೆಗೆ ಬಂದು ಉಣ್ಣದೆ ಮಲಗಿದ. ಅವತ್ತಿನಿಂದ ಸಾಯುವ ತನಕ ಆ ಸ್ಟೇಷನ್ನಿನ ಮುಂದೆ ಹಾಯಲಿಲ್ಲ, ಪೇಟೆಗೆ ಹೋದಾಗಲೆಲ್ಲ ಸುತ್ತು ಹಾಕಿಕೊಂಡೇ ಬರುತ್ತಿದ್ದ. ಪೊಲೀಸರ ಸ್ನೇಹವೂ ಬೇಡ, ದ್ವೇಷವೂ ಬೇಡ ಅನ್ನುವುದು ನಮ್ಮ ಮನೆಯಲ್ಲಿ ಮಕ್ಕಳಿಗೆ ಕಲಿಸಿದ ಮಾತು.

ನಾಲ್ಕೈದು ವರ್ಷದ ಹಿಂದೆ ನಮ್ಮೂರಿಗೆ ಒಬ್ಬ ಬೀಟ್ ಪೊಲೀಸ್ ಬಂದರು. ಬೀಟ್ ಅಂದರೆ ಸುತ್ತಲಿನ ನಾಲ್ಕೈದು ಊರು ಅವರ ಪಾಲಿಗೆ. ಆಗಾಗ ಬಂದು ಜನರನ್ನು ಮಾತಾಡಿಸಿ, ಏನಾದರೂ ತಕರಾರಿದ್ದರೆ ಕೇಳಿಕೊಂಡು ಹೋಗಬೇಕು. ಬಿಜಾಪುರದ ಕಡೆಯ ಹುಡುಗ, ಮೂವತ್ತೂ ಆಗಿರಲಿಲ್ಲ. ಊರಿನವರೆಲ್ಲ ದಿನಕ್ಕೆರಡು ಸಲ ಸೇರುವ ಜಾಗ ಡೈರಿ ಅಂತ ಯಾರು ಹೇಳಿದರೋ, ಸಂಜೆ ಹಾಲಿನ ಹೊತ್ತಿಗೆ ಸರಿಯಾಗಿ ಬೈಕ್ ತಂದು ನಿಲ್ಲಿಸುತ್ತಿದ್ದರು. ಮೊದಲ ಎರಡು ತಿಂಗಳು ಅವರ ಬೈಕಿನ ಸದ್ದು ಕೇಳಿದರೆ ಸಾಕು, ಸಾಲಿನಲ್ಲಿ ನಿಂತ ಹೆಂಗಸರ ಮಾತು ನಿಂತುಹೋಗುತ್ತಿತ್ತು. ಒಬ್ಬಾಕೆ ಹಾಲು ಸುರಿದು ಚೀಟಿಯನ್ನೂ ತೆಗೆದುಕೊಳ್ಳದೆ ಓಡಿದ್ದಳು.

ಅವರನ್ನು ನಮ್ಮವರನ್ನಾಗಿ ಮಾಡಿದ್ದು ರಾಗಿಮುದ್ದೆ. ಡೈರಿ ಅಧ್ಯಕ್ಷೆಯ ಮನೆಯಲ್ಲಿ ಒಂದು ದಿನ ಊಟಕ್ಕೆ ಕೂತವರು ಮುದ್ದೆಯನ್ನು ರೊಟ್ಟಿಯ ಹಾಗೆ ಮುರಿದು ಅಗಿಯತೊಡಗಿದರು. "ಅಯ್ಯೋ ಶಿವ್ನೆ, ಅಗೀಬ್ಯಾಡ್ರಪ್ಪ, ನುಂಗಿ!" ಅಂತ ಅಧ್ಯಕ್ಷೆ ಕೂಗಿಕೊಂಡರು. ಅವರು ನುಂಗಲು ಹೋಗಿ ಕಣ್ಣಲ್ಲಿ ನೀರು ಬಂದು, "ಅಕ್ಕಾರ, ಇದಕ್ಕಿಂತ ಪೊಲೀಸ್ ಟ್ರೇನಿಂಗೇ ಹಗೂರಿತ್ರಿ," ಅಂದರು. ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಮಾರನೆಯ ವಾರದಿಂದ "ಏನ್ ಸಾರ್, ಮುದ್ದೆ ಇಳೀತಾ?" ಅಂತ ಮುದುಕಿಯರೂ ಕೇಳುವಂತಾಯಿತು.

ಅವರು ಎಲ್ಲರಿಗೂ ನಂಬರು ಕೊಟ್ಟಿದ್ದರು. "ಏನರ ಆದ್ರ ಫೋನ್ ಹಚ್ರಿ. ಅಂಜಬ್ಯಾಡ್ರಿ, ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ," ಅನ್ನುತ್ತಿದ್ದರು. ನಾನೂ ಬರೆದುಕೊಂಡೆ. ಆದರೆ ಮನೆಯಲ್ಲಿ ಯಾರಾದರೂ ನನ್ನ ಫೋನ್ ನೋಡಿ, ಇವಳಿಗ್ಯಾಕೆ ಪೊಲೀಸ್ ನಂಬರು ಅಂದರೆ? ಅದಕ್ಕೇ ದನದ ಡಾಕ್ಟ್ರು ಅಂತ ಹೆಸರು ಹಾಕಿದೆ.

ಆಮೇಲೆ ಆ ಹಾಳು ವಿಡಿಯೋಗಳು ಬಂದವು. ಮಕ್ಕಳ ಕಳ್ಳರು ಬಂದಿದ್ದಾರೆ, ಹಿಂದಿ ಮಾತಾಡುತ್ತಾರೆ, ಮಂಪರು ಬರಿಸಿ ಗಂಟು ಕಟ್ಟಿ ಹೊತ್ತೊಯ್ಯುತ್ತಾರೆ ಅಂತ ಫೋನಿನಿಂದ ಫೋನಿಗೆ ಹರಿದವು. ಎಲ್ಲಿಯದೋ, ಯಾವಾಗಿನದೋ. ಬೀಟ್‌ನವರು ಡೈರಿಗೆ ಬಂದು, ಅದು ಸುಳ್ಳು, ನಂಬಬೇಡಿ ಅಂತ ಹೇಳಿಹೋದರು. ಹೂಂ ಅಂದೆವು. ಮನೆಗೆ ಹೋಗಿ ಮಕ್ಕಳನ್ನು ಒಳಗೆ ಕೂಡಿ ಚಿಲಕ ಹಾಕಿದೆವು. ನಾನೂ ನನ್ನ ಮಗಳನ್ನು ಕೂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ, ಇನ್ನೂ ಐದು ಗಂಟೆ, ನಾನು ಡೈರಿಯ ಬಾಗಿಲು ತೆಗೆದು ಕ್ಯಾನು ಜೋಡಿಸುತ್ತಿದ್ದೆ. ಬೆಡ್‌ಶೀಟ್ ಮಾರುವವನೊಬ್ಬ ಬೈಕಿನ ಹಿಂದೆ ದೊಡ್ಡ ಗಂಟು ಕಟ್ಟಿಕೊಂಡು ಬಂದ. ನಮ್ಮ ಬೀದಿಯ ಮಗುವೊಂದು ಆ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಅವನು ನಕ್ಕು ಅದನ್ನೆತ್ತಿ ಬೈಕಿನ ಮೇಲೆ ಕೂರಿಸಿದ. ಅಷ್ಟೇ ಅವನು ಮಾಡಿದ್ದು. ನಾನೇ ಕಣ್ಣಾರೆ ಕಂಡೆ. ಮಗುವಿನ ಅಜ್ಜಿ, "ಮಗ ಎತ್ಕೊಂಡ್ ಓಯ್ತಾವ್ನೆ ಕಣ್ರಪ್ಪೋ!" ಅಂತ ಕಿರುಚಿದಳು.

ಮುಂದಿನದು ಎಷ್ಟು ಬೇಗ ಆಯಿತೆಂದರೆ ನನ್ನ ಕೈಯಲ್ಲಿದ್ದ ಕ್ಯಾನಿನ ಮುಚ್ಚಳ ಇನ್ನೂ ಕೈಯಲ್ಲೇ ಇತ್ತು. ಹತ್ತಿಪ್ಪತ್ತು ಜನ ಗಂಡಸರು ಸೇರಿದರು, ಹೆಂಗಸರು ಸುತ್ತ ನಿಂತರು. ಹಸು ಕಟ್ಟುವ ಹಗ್ಗ ತಂದು ಡೈರಿಯೆದುರಿನ ಲೈಟು ಕಂಬಕ್ಕೆ ಅವನನ್ನು ಬಿಗಿದರು. ಗಂಟು ಬಿಚ್ಚಿ ಬೆಡ್‌ಶೀಟುಗಳನ್ನೆಲ್ಲ ಮಣ್ಣಿಗೆ ಎಸೆದರು. ಒಳಗೆ ಮಗುವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅದನ್ನು ಕಂಡಮೇಲಾದರೂ ಬಿಡಬೇಕಿತ್ತು. "ಬಾಯ್ಬುಡಿಸ್ರಲಾ, ಒಡೀರ್ಲಾ!" ಅಂತ ಒಬ್ಬ ದೊಣ್ಣೆ ಬೀಸಿದ. ದೊಣ್ಣೆ ಹಿಡಿದವನು ನನ್ನ ಮೈದುನ. ನನ್ನ ಗಂಡನ ಬೆನ್ನಿಗೆ ಹುಟ್ಟಿದವನು, ನಾನು ದಿನಾ ತಟ್ಟೆಗೆ ಬಡಿಸುವವನು.

ಆ ಮನುಷ್ಯನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. "ಭಯ್ಯಾ, ಭಯ್ಯಾ" ಅನ್ನುತ್ತಿದ್ದ. ಇವನನ್ನು ಕೊಂದೇ ಬಿಡುತ್ತಾರೆ ಅಂತ ನನಗೆ ಗೊತ್ತಾಯಿತು. ನಾನು ಕ್ಯಾನುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು ದನದ ಡಾಕ್ಟ್ರಿಗೆ ಫೋನ್ ಮಾಡಿದೆ. "ಸಾರ್, ಡೈರಿ ತಾವ... ಕಂಬಕ್ಕೆ ಕಟ್ಟವ್ರೆ... ಬೇಗ ಬನ್ನಿ, ನನ್ನೆಸ್ರು ಯೋಳ್ಬ್ಯಾಡಿ" ಅಂದೆ. "ಹತ್ತ ನಿಮಿಷ್ರಿ ಅಕ್ಕಾರ. ಏನರ ಮಾಡಿ ಹತ್ತ ನಿಮಿಷ ಮಂದೀನ್ನ ತಡೀರಿ," ಅಂದರು.

ನಾನು ಏನು ತಡೆಯಲಿ? ಎದುರು ಹೋಗಿ ನಿಲ್ಲುವ ಧೈರ್ಯ ನನ್ನ ಏಳು ಜನ್ಮಕ್ಕೂ ಇಲ್ಲ. ಗೊತ್ತಿದ್ದದ್ದು ಹಾಲಿನ ಕೆಲಸ ಒಂದೇ. ಬಾಗಿಲಿಗೆ ಬಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ. "ಇವತ್ತು ವ್ಯಾನು ಬೇಗ ಬತ್ತದಂತೆ! ಈಗ್ಲೇ ತಂದೋರ್ದು ಮಾತ್ರ ಆಲು ತಕ್ಕೊಳ್ಳೋದು! ಆಮೇಲ್ ತಂದ್ರೆ ಮನೆಗೇ ವಾಪಸ್ಸು!"

ನಗಬೇಡಿ. ಕಂಬದ ಸುತ್ತ ನಿಂತಿದ್ದ ಹೆಂಗಸರೆಲ್ಲ ಮೊದಲು ತಿರುಗಿದರು. "ಅಯ್ಯೋ, ಇನ್ನೂ ಕರಾನೇ ಬುಟ್ಟಿಲ್ವಲ್ಲ" ಅಂತ ಒಬ್ಬಾಕೆ ಓಡಿದಳು, ಓಡುತ್ತ ಗಂಡನನ್ನೂ ಕೂಗಿಕೊಂಡಳು. ಗುಂಪು ಅರ್ಧಕ್ಕರ್ಧ ಕರಗಿತು. ಉಳಿದವರು ಏಳೆಂಟು ಜನ. ಅವರ ಕೈಯೂ ಸ್ವಲ್ಪ ನಿಧಾನವಾಯಿತು, ನೋಡುವವರು ಇಲ್ಲದೆ.

ಬೀಟ್‌ನವರು ಒಬ್ಬರೇ ಬಂದರು. ಲಾಠಿ ಎತ್ತಲಿಲ್ಲ. ನೇರ ಹೋಗಿ ಆ ಮನುಷ್ಯನಿಗೆ ಅಡ್ಡ ನಿಂತು, "ತಮ್ಮಾ, ಸಾಕ್ ಮಾಡು" ಅಂದರು. ನನ್ನ ಮೈದುನ ಎತ್ತಿದ್ದ ದೊಣ್ಣೆ ಅವರ ಹೆಗಲಿಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಬಾಗಿಲಿನವರೆಗೂ ಕೇಳಿತು. ಅವರು ಅಲ್ಲಿಂದ ಕದಲಲಿಲ್ಲ. ಜೀಪು ಬಂದು ಆ ಮನುಷ್ಯನನ್ನು ಮಂಡ್ಯದ ಆಸ್ಪತ್ರೆಗೆ ಸಾಗಿಸುವ ತನಕ ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದುಕೊಂಡು ನಿಂತೇ ಇದ್ದರು. ನಾನು ಒಳಗೆ ಹಾಲು ಅಳೆಯುತ್ತಿದ್ದೆ. ಎಷ್ಟು ಹಾಲು ನೆಲಕ್ಕೆ ಚೆಲ್ಲಿತೋ.

ಮನೆಗೆ ಬಂದರೆ, ಜೀಪು ಕಂಡು ಓಡಿಬಂದಿದ್ದ ಮೈದುನ ಜಗಲಿಯ ಮೇಲೆ ಕೂತಿದ್ದ. "ಯಾವನೋ ನಮ್ಮೂರೋನೇ ಫೋನ್ ಮಾಡವ್ನೆ ಕಣವ್ವ. ಯಾರು ಅಂತ ಗೊತ್ತಾಗ್ಲಿ, ಅವ್ನ್ ಊರಲ್ ಬಾಳಾಕಿಲ್ಲ," ಅಂತ ನಮ್ಮ ಅತ್ತೆಗೆ ಹೇಳುತ್ತಿದ್ದ. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಬರುತ್ತಲೇ ಅದನ್ನು ಕಿಟಕಿಯ ಗೂಡಿನಲ್ಲಿ ಚಾರ್ಜಿಗೆ ಹಾಕಿದ್ದೆ, ಮೈದುನನ ಕೈಯಳತೆಯಲ್ಲಿ. ಅವನೇ ತೆಗೆದು ಹೆಸರು ಓದಿ, "ಅತ್ಗೆ, ದನದ ಡಾಕ್ಟ್ರು" ಅಂತ ನೀಡಿದ.

"ಯೋಳಿ ಡಾಕ್ಟ್ರೆ," ಅಂದೆ. ಆ ಕಡೆಯವರಿಗೆ ಅರ್ಥವಾಗಿರಬೇಕು. ದನಿ ತಗ್ಗಿಸಿ, "ಅವಾ ಉಳದಾನ್ರಿ. ಒಂದ್ ಕಣ್ಣು ಹೋಗೂ ಹಂಗ ಐತಿ, ಜೀವಕ್ಕ ಏನಿಲ್ಲ. ನಾ ಬೀಟಿಗೆ ಬಂದಿದ್ದೆ, ಕಣ್ಣಿಗೆ ಬಿತ್ತು ಅಂತ ಬರಸೀನಿ. ನೀವು ಆರಾಮ ಇರ್ರಿ," ಅಂದರು. "ಆಯ್ತು ಡಾಕ್ಟ್ರೆ, ಮೇವು ತಿಂತಾದೆ," ಅಂತ ಫೋನಿಟ್ಟೆ. "ಯಾವ ಅಸೀಗೆ ಏನಾಗದಮ್ಮಿ?" ಅಂತ ಅತ್ತೆ ಕೇಳಿದರು. ಏನು ಹೇಳಿದೆನೋ ನೆನಪಿಲ್ಲ.

ಕೇಸು ಆಗುತ್ತದೆ ಅಂತ ಸುದ್ದಿ ಬಂದದ್ದೇ ತಡ, ಊರಿನ ದೊಡ್ಡವರೆಲ್ಲ ಕೂತು ಉಪಾಯ ತೆಗೆದರು. ಬೆಡ್‌ಶೀಟಿನವನು ತನಗೆ ಯಾರು ಹೊಡೆದರೋ ಗೊತ್ತಿಲ್ಲ, ಊರಿಗೆ ಕಳಿಸಿಬಿಡಿ ಅಂತ ಅಳುತ್ತಿದ್ದನಂತೆ. ಅವನಿಗೂ ಹೆದರಿಕೆ. ಅದೇ ಇವರಿಗೆ ದಾರಿಯಾಯಿತು. ಬೀಟ್ ಪೊಲೀಸಿನವರೇ ಅವನನ್ನು ಕಳ್ಳ ಅಂತ ಹೊಡೆದರು, ತಪ್ಪಿಸಲು ಹೋದ ಊರಿನವರ ಜೊತೆ ಎಳೆದಾಡಿ ಬಿದ್ದು ಹೆಗಲು ಮುರಿದುಕೊಂಡರು ಅಂತ ಒಂದು ಅರ್ಜಿ ತಯಾರಾಯಿತು. ಎಲ್ಲರೂ ಸಿಗುವ ಜಾಗ ಡೈರಿ ತಾನೆ? ಮೈದುನ ಅದನ್ನು ತಂದು ನನ್ನ ಮೇಜಿನ ಮೇಲೆಯೇ ಇಟ್ಟ.

"ಅತ್ಗೆ, ನೀವ್ ಮೊದ್ಲು ಸೈನ್ ಆಕಿ. ನೀವಾಕುದ್ರೆ ಎಲ್ರೂ ಆಕ್ತಾರೆ."

ಓದಿದೆ. "ಅವ್ರು ಒಡೀನಿಲ್ವಲ್ಲಪ್ಪ," ಅಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು.

ಅವನು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ. "ನೀವ್ ನೋಡುದ್ರಾ?"

"ಇಲ್ಲ ಕಣಪ್ಪ. ನಾನ್ ಒಳಗಿದ್ದೆ."

"ಮತ್ತೆ?"

ಸೈನ್ ಹಾಕಿದೆ. ನನ್ನ ಹೆಸರಿನ ಕೆಳಗೆ ಊರಿನ ಹೆಸರೆಲ್ಲ ಇಳಿಯಿತು. ಮುದ್ದೆ ಇಳೀತಾ ಅಂತ ಕೇಳಿದ ಮುದುಕಿಯರೂ ಹೆಬ್ಬೆಟ್ಟು ಒತ್ತಿದರು.

ಮಂಡ್ಯದಿಂದ ದೊಡ್ಡ ಸಾಹೇಬರು ವಿಚಾರಣೆಗೆ ಬಂದು ಶಾಲೆಯ ವರಾಂಡದಲ್ಲಿ ಕೂತರು. ಒಬ್ಬೊಬ್ಬರನ್ನೇ ಕರೆದರು. ನನ್ನ ಸರದಿ ಬಂದಾಗ ಬೀಟ್‌ನವರು ಕೈಯನ್ನು ಪಟ್ಟಿಯಲ್ಲಿ ಕತ್ತಿಗೆ ತೂಗುಹಾಕಿಕೊಂಡು ಗೋಡೆಯ ಪಕ್ಕ ನಿಂತಿದ್ದರು. ನನ್ನತ್ತ ನೋಡಲಿಲ್ಲ. ಏನು ನೋಡಿದಿರಿ ಅಂತ ಸಾಹೇಬರು ಕೇಳಿದರು. ಹಿಂದೆ ಮೈದುನ ನಿಂತಿದ್ದ. "ಆಲು ಅಳೀತಿದ್ದೆ ಸಾರ್, ಏನೂ ನೋಡ್ಲಿಲ್ಲ," ಅಂದೆ. ಸಾಹೇಬರು ಬೀಟ್‌ನವರತ್ತ ತಿರುಗಿದರು. "ಹೊಡೆತ ಮೊದಲೇ ಶುರುವಾಗಿತ್ತು ಅಂತೀಯ. ನಿನಗೆ ಹೇಳಿದವರು ಯಾರು? ಯಾರಾದರೂ ಫೋನ್ ಮಾಡಿದ್ದರೆ ಹೇಳು. ಅದೊಂದೇ ನಿನ್ನನ್ನು ಉಳಿಸೋದು."

ಹೇಳಬೇಡಿ, ಹೇಳಬೇಡಿ ಅಂತ ಒಳಗೊಳಗೇ ಬೇಡಿಕೊಂಡೆ. ನಾಚಿಕೆಗೆಟ್ಟವಳು ನಾನು, ಅವರು ಉಳಿಯಲಿ ಅಂತ ಬೇಡಿಕೊಳ್ಳಲಿಲ್ಲ.

"ಯಾರೂ ಇಲ್ರಿ ಸರ. ಬೀಟಿಗೆ ಬಂದಿದ್ದೆ," ಅಂದರು.

ಊರಿನವರ ಮೇಲೆ ಕೇಸು ನಿಲ್ಲಲಿಲ್ಲ. ಬೀಟ್‌ನವರನ್ನು ಮಳವಳ್ಳಿಯ ಕಡೆಗೆ ಎಲ್ಲಿಗೋ ಹಾಕಿದರಂತೆ, ಬಡ್ತಿಯೂ ನಿಂತಿತಂತೆ. ಕೈ ಕೂಡಿಕೊಂಡ ಮೇಲೆ, ಹೊರಡುವ ಮುಂಚೆ ಒಂದು ಸಂಜೆ ಬೈಕ್ ತಂದು ಡೈರಿಯ ಮುಂದೆ ನಿಲ್ಲಿಸಿದರು. ಹಾಲಿನ ಸಾಲು ಮುಗಿದಿತ್ತು, ನಾನು ನಲ್ಲಿಯ ಹತ್ತಿರ ಕ್ಯಾನು ತೊಳೆಯುತ್ತಿದ್ದೆ. ಬೈಕಿನಿಂದ ಇಳಿಯಲಿಲ್ಲ. "ಅಕ್ಕಾರ, ಹೊಂಟೆ ನೋಡ್ರಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಒಂದು ಮಾತು ಹೇಳಬೇಕಿತ್ತು. ತಪ್ಪಾಯ್ತು ಅಂತಲೋ, ಹೋಗಿ ಬನ್ನಿ ಅಂತಲೋ. ಬಾಯಿ ತೆಗೆಯುವ ಮೊದಲು, ಯಾರಾದರೂ ನೋಡುತ್ತಿದ್ದಾರಾ ಅಂತ ಬೀದಿಯ ಆ ತುದಿ ಈ ತುದಿ ಕಣ್ಣಾಡಿಸಿದೆ. ಯಾರೂ ಇರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಅವರು ಹೋಗಿಯಾಗಿತ್ತು.