ಕಾಗದದ ಪಟ್ಟಿ ಮಾಡಿದ ಕೆಲಸ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಚಿತ್ರದುರ್ಗದ ಒಂದು ಹತ್ತಿ ವ್ಯಾಪಾರದ ಕಂಪನಿಯಲ್ಲಿ ಟೆಲಿಪ್ರಿಂಟರ್ ಆಪರೇಟರ್ ಆಗಿದ್ದೆ. ನಾನು ಇಲ್ಲಿ ಟೈಪ್ ಮಾಡಿದ್ದು ತಂತಿಯಲ್ಲಿ ಹೋಗಿ ಬೇರೆ ಊರಿನ ಯಂತ್ರದಲ್ಲಿ ಅಚ್ಚಾಗುತ್ತಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಖೆಗಳಿಗೆ ಒಂದೇ ಸಲ ಹನ್ನೊಂದು ಹೊಸ ಯಂತ್ರಗಳು ಬಂದವು. ಪ್ರತಿಯೊಂದನ್ನೂ ನಮ್ಮ ತಂತಿಗೆ ಹೊಂದಿಸಬೇಕಿತ್ತು. ಇಲ್ಲದಿದ್ದರೆ ಅಕ್ಷರಗಳು ಕಲಸಿಹೋಗುತ್ತಿದ್ದವು.

ಹೊಂದಿಸುವವರು ನಮ್ಮ ಮೆಕ್ಯಾನಿಕ್. ತುರುವನೂರಿನವರು, ಐವತ್ತು ದಾಟಿತ್ತು. ನಾನು ಅಣ್ಣ ಎನ್ನುತ್ತಿದ್ದೆ. ಗಂಡಸರೇ ತುಂಬಿದ್ದ ಆ ಕೋಣೆಯಲ್ಲಿ ನನಗೆ ಯಂತ್ರ ಬಿಚ್ಚಿ ತೋರಿಸಿ ಕಲಿಸಿದವರು ಅವರೊಬ್ಬರೇ. ಅವರ ಮಂಡಿ ಕೆಟ್ಟಿತ್ತು. ಬಸ್ಸಿನಲ್ಲಿ ನಿಂತು ಹೊಸದುರ್ಗಕ್ಕೆ ಹೋಗಿ ಬಂದ ಮರುದಿನ ಗೋಡೆ ಹಿಡಿದು ನಡೆಯುತ್ತಿದ್ದರು.

ಅದನ್ನು ನೋಡಲಾರದೆ ಒಂದು ಉಪಾಯ ಹುಡುಕಿದೆ. ತೂತು ಕೊರೆದ ಕಾಗದದ ಪಟ್ಟಿಯನ್ನು ಓಡಿಸಿದರೆ ಯಂತ್ರ ತಾನೇ ಸಂದೇಶ ಕಳಿಸುತ್ತಿತ್ತು. ಹೊಂದಿಸುವ ಕ್ರಮವನ್ನು ಅಣ್ಣನಿಂದ ಕೇಳಿ ಕೇಳಿ, ಶಾಖೆಯ ಗುಮಾಸ್ತರು ಅಚ್ಚಾದದ್ದನ್ನು ಓದಿ ತಾವೇ ಮಾಡಲೆಂದು, ಕನ್ನಡದ ಮಾತುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಪಟ್ಟಿಗೆ ಇಳಿಸಿದೆ. ತಿರುಪು ನಿಧಾನ ಬಲಕ್ಕೆ ತಿರುಗಿಸಿ, ಅಕ್ಷರ ಕೆಟ್ಟಲ್ಲಿ ಗುರುತು ಹಾಕಿ, ಈಗ ಎಡಕ್ಕೆ, ಎರಡು ಗುರುತಿನ ನಡುವೆ ನಿಲ್ಲಿಸಿ. ಕಲಸಿದರೂ ಓದಲು ಬರಲಿ ಎಂದು ಪ್ರತಿ ಸಾಲನ್ನೂ ಮೂರು ಸಲ ಕೊರೆದೆ.

"ಅಣ್ಣ, ಇನ್ನು ನೀವು ಊರೂರು ತಿರುಗೋದು ಬ್ಯಾಡ," ಎಂದೆ.

ಅವರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನಾನು ಇಪ್ಪತ್ತು ವರ್ಷ ಮಾಡಿದ್ದೆಲ್ಲಾ ಇದ್ರಾಗೇ ಐತಲ್ಲವ್ವ," ಎಂದು ನಕ್ಕರು. ನಾನೂ ನಕ್ಕೆ.

ಒಂದು ಬೆಳಿಗ್ಗೆ ಮೂರು ಊರಿಗೂ ಒಟ್ಟಿಗೇ ಪಟ್ಟಿ ಓಡಿಸಿದೆವು. ಊಟದ ಹೊತ್ತಿಗೆ ಹತ್ತು ಯಂತ್ರಗಳು ಸರಿಯಾದವೆಂದು ಅಲ್ಲಿನ ಗುಮಾಸ್ತರೇ ಉತ್ತರ ಕಳಿಸಿದರು. ಹೊಳಲ್ಕೆರೆಯ ಒಂದಕ್ಕೆ ಮಾತ್ರ ಅಣ್ಣ ಹೋಗಬೇಕಾಯಿತು. ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಗಳಿದರು. ಆ ಹೆಮ್ಮೆಯನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ತಿಂಗಳೊಳಗೆ ಮೆಕ್ಯಾನಿಕ್ ಹುದ್ದೆಯನ್ನೇ ತೆಗೆದುಹಾಕಿದರು. ನಾನು ಮ್ಯಾನೇಜರ ಬಳಿ ಹೋದೆ.

"ಅವರ ಕಾಲಿಗೆ ಆರಾಮಾಗ್ಲಿ ಅಂತ ಮಾಡಿದ್ದು ಸಾರ್, ಕೆಲ್ಸ ಹೋಗ್ಲಿ ಅಂತಲ್ಲ."

"ಅವರು ಮಾಡೋದನ್ನ ಪಟ್ಟೀನೇ ಮಾಡ್ತೈತಲ್ಲಮ್ಮ. ನೀವೇ ತೋರ್ಸಿದ್ರಿ," ಎಂದರು, ಕಡತದಿಂದ ತಲೆ ಎತ್ತದೆ.

ನಾನೂ ಕೆಲಸ ಬಿಡುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹೊರಗೆ ಬಂದು ನನ್ನ ಯಂತ್ರದ ಮುಂದೆ ಕೂತೆ.

ಅಣ್ಣ ಇನ್ನೊಬ್ಬರ ಗೋದಾಮಿಗೆ ಕಾವಲಿಗೆ ಸೇರಿದರು. ಇಡೀ ದಿನ ಗೇಟಿನಲ್ಲಿ ನಿಲ್ಲುವ ಕೆಲಸ. ಒಮ್ಮೆ ಧೈರ್ಯ ಮಾಡಿ ಅಲ್ಲಿಗೇ ಹೋದೆ.

"ನನ್ನಿಂದ ಹಿಂಗಾತು ಅಣ್ಣ," ಎಂದೆ.

"ನೀವೇನ್ ಮಾಡಿದ್ರಿ, ಬಿಡ್ರಿ ಮೇಡಂ," ಎಂದರು. ಅಷ್ಟು ವರ್ಷ ನನ್ನನ್ನು ನೀನು ಎಂದೇ ಕರೆದವರು. ಒಂದು ಲಾರಿ ಬಂತು. ಅವರು ಕುಂಟುತ್ತಾ ಗೇಟು ತೆಗೆಯಲು ಹೋದರು. ಲಾರಿ ಒಳಗೆ ಹೋದ ಮೇಲೂ ನನ್ನ ಕಡೆ ತಿರುಗಲಿಲ್ಲ.

ಆಮೇಲೆ ಬಂದ ಯಂತ್ರಗಳಿಗೆಲ್ಲ ಅದೇ ಪಟ್ಟಿ ಓಡಿತು. ಸವೆದಾಗಲೆಲ್ಲ ಹೊಸದನ್ನು ಕೊರೆದುಕೊಟ್ಟವಳು ನಾನೇ. ಅದಕ್ಕೆಂದು ಬಡ್ತಿ ಕೊಟ್ಟರು. ಬೇಡ ಎನ್ನಲಿಲ್ಲ.