ಏಸ್ ಪೈಲಟ್‌ಗಳ ಆಟ ಮತ್ತು ತಮ್ಮನ ಮದುವೆ

ಯುದ್ಧದಲ್ಲಿ ಶತ್ರುವಿನ ಐದು ವಿಮಾನಗಳನ್ನು ಉರುಳಿಸಿದ ಪೈಲಟ್‌ಗೆ ಏಸ್ ಎನ್ನುತ್ತಾರೆ. ನನಗೆ ಇದು ಗೊತ್ತಿರುವುದು ಕೇವಲ ತಮ್ಮನ ಕಾಟದಿಂದ. ಪಣಂಬೂರಿನಲ್ಲಿ ಹಡಗಿನಿಂದ ಕಂಟೇನರ್ ಇಳಿಸುವವರ ಜೊತೆ ಅವನಿಗೆ ಕೆಲಸ. ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ಆದರೂ ಸಂಜೆ ಕದ್ರಿಯ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ನನ್ನ ತಲೆ ತಿನ್ನಲು ಶುರು ಮಾಡುತ್ತಿದ್ದ. "ವಿಮಾನಕ್ಕೆ ಕೆಂಪು ಬಣ್ಣ ಬಳಿದವ. ಯಾರು, ಹೇಳು ನೋಡುವ."

ಫೋನಿನ ಕ್ವಿಜ್‌ಗಳೆಲ್ಲ ಮುಗಿದ ಮೇಲೆ ಪ್ರಶ್ನೆಗಳನ್ನು ತಾನೇ ಹೊಸೆಯತೊಡಗಿದ್ದ. ಎರಡೂ ಕಾಲು ಕಳೆದುಕೊಂಡು ಲೋಹದ ಕಾಲಿನಲ್ಲೇ ಮತ್ತೆ ಹಾರಿದವ ಯಾರು? ಕಣ್ಣು ಸರಿಯಿಲ್ಲವೆಂದು ವಾಪಸು ಕಳಿಸಿದರೂ ಹಟ ಹಿಡಿದು ಸೇರಿ, ಹತ್ತೊಂಬತ್ತರ ಪ್ರಾಯದಲ್ಲೇ ಸತ್ತ ಬಂಗಾಳಿ ಹುಡುಗ ಯಾರು? ನಾನು ಒಂದಕ್ಕೆ ಸರಿ, ಮೂರಕ್ಕೆ ತಪ್ಪು ಹೇಳುತ್ತಿದ್ದೆ. ಅಮ್ಮ ತೆಂಗಿನಕಾಯಿ ತುರಿಯುತ್ತಾ ಕೇಳಿಸಿಕೊಂಡು, "ಪಾಪ, ಅವನಿಗೆ ಮದುವೆ ಆಗಿತ್ತಾ?" ಎನ್ನುತ್ತಿದ್ದರು. ಇಲ್ಲ ಎಂದರೆ ಅವರಿಗೆ ಚಿಂತೆ. "ಮನೆಯವರು ಆಮೇಲಾದ್ರೂ ಮಾಡಿಸಿದ್ರೋ ಏನೋ." ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ನಮ್ಮ ತುಳುವರಲ್ಲಿ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುತ್ತಾರೆ. ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನೇ ಹುಡುಕಿ, ಎರಡೂ ಮನೆಯವರು ಕೂತು ಮಾತಾಡಿ, ಸೀರೆ, ಬಳೆ, ಊಟ ಎಲ್ಲ ಇಟ್ಟು ಮುಗಿಸುತ್ತಾರೆ. ಬೇರೆಯವರ ಮನೆಯದ್ದು ಕೇಳಿದಾಗ ನನಗೆ ತಮಾಷೆಯಾಗಿತ್ತು.

ತಮ್ಮ ಪಣಂಬೂರಿನ ಹೆದ್ದಾರಿಯಲ್ಲಿ ಲಾರಿಯಡಿಗೆ ಬಿದ್ದು ಹೋದ. ಇಪ್ಪತ್ತಾರು ವರ್ಷ. ಆಮೇಲೆ ಅಮ್ಮನಿಗೆ ಒಂದೇ ಕನಸು: ಅವನು ಬಾಗಿಲಲ್ಲಿ ನಿಂತಿದ್ದಾನೆ, ಊಟಕ್ಕೆ ಕರೆದರೆ ಒಳಗೆ ಬರುವುದಿಲ್ಲ. ಅಮ್ಮ ಅನ್ನದ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದರು. ಕೈಯ ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದರು. "ಮದುವೆ ಕೇಳ್ತಾ ಇದ್ದಾನೆ ಮಾರಾಯ್ತಿ, ನಿನಗೆ ಅರ್ಥ ಆಗುದಿಲ್ಲ" ಎಂದರು. ನನಗೆ ಕೋಪ ನೆತ್ತಿಗೇರಿತು. ಅವನು ಬದುಕಿದ್ದಾಗ ಹೆಣ್ಣು ಹುಡುಕಲು ಪುರುಸೊತ್ತಿಲ್ಲದ ಸೋದರಮಾವ ಈಗ ಓಡಾಡಿ ಸಂಬಂಧ ತಂದರು. ಬಜ್ಪೆಯ ಕಡೆಯ ಮನೆ. ಹುಡುಗಿ ನಾಲ್ಕು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡವಳು. ಬದುಕಿದ್ದರೆ ಈಗ ಮದುವೆಯ ಪ್ರಾಯ.

ಸತ್ತವರ ಕಾರ್ಯಗಳಿಗೆ ಮಳೆಗಾಲದ ಆಟಿ ತಿಂಗಳೇ ಆಗಬೇಕೆಂದು ಆಟಿಯಲ್ಲೇ ಹೊರಟೆವು. ಹೆಣ್ಣು ನೋಡುವ ಶಾಸ್ತ್ರ, ನೋಡಲು ಹೆಣ್ಣಿಲ್ಲ. ಕಾಫಿ ಬಂತು, ಚಕ್ಕುಲಿ ಬಂತು. ಮಾವ ಮತ್ತು ಹುಡುಗಿಯ ತಂದೆ ಎರಡೂ ಮನೆಯ ಬಳಿ, ಅಂದರೆ ಗೋತ್ರ, ಬೇರೆ ಬೇರೆ ಹೌದೋ ಎಂದು ಕೆದಕಿದರು, ಹೌದೆಂದು ಸಮಾಧಾನಪಟ್ಟರು. ನಾನು ಸಿಟ್ಟಿನಿಂದ ಚಕ್ಕುಲಿ ಮುರಿಯುತ್ತಾ ಕೂತಿದ್ದೆ. ಹುಡುಗಿಯ ತಾಯಿ ಒಪ್ಪಿದರೆ ಆಯಿತು ಎಂದು ಮಾವ ಹೇಳಿದಾಗ ಅಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ಈ ಮನೆಯವರು ಬೇಡವೆಂದರೆ ಅಮ್ಮ ಇನ್ನು ಉಣ್ಣುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ಆ ತಾಯಿ ನನ್ನ ಕಡೆ ತಿರುಗಿದರು.

"ಹುಡುಗನಿಗೆ ಎಂತ ಇಷ್ಟ?"

ಅಮ್ಮ ನನ್ನ ಮುಖ ನೋಡಿದರು. ಬೇರೇನೂ ತೋಚದೆ ನಾನು ಆಟದ ಸಂಗತಿಯನ್ನೇ ಹೇಳಿದೆ. ಹಳೆಯ ಯುದ್ಧಗಳ ಪೈಲಟ್‌ಗಳು, ಅವನು ಕೊಡುವ ಸುಳಿವು, ನಾವು ಹೆಸರು ಹೇಳಬೇಕಾದದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಆಕೆ ಮಾತ್ರ ಗಮನವಿಟ್ಟು ಕೇಳಿದರು.

"ನಮ್ಮವಳು ಶಾಲೆಗೆ ಹೋಗ್ಲಿಲ್ಲ. ಅಂಗನವಾಡಿಗೆ ಮಾತ್ರ. ಉತ್ತರ ಗೊತ್ತಾಗದಿದ್ರೆ ಅವ ಬೈತಾನಾ?"

ಯಾರೂ ನಗಲಿಲ್ಲ. ನಾನು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಿಜ ಹೇಳುವುದಾದರೆ ಬೈಯುತ್ತಿದ್ದ, ಚೆನ್ನಾಗಿಯೇ ಬೈಯುತ್ತಿದ್ದ. ತಪ್ಪು ಹೇಳಿದರೆ "ನಿನ್ನ ತಲೆಯಲ್ಲಿ ಎಂತ ಉಂಟು, ಬೊಂಡದ ಎಳನೀರಾ?" ಎಂದು ಕೇಳಿ ನಾನು ಅತ್ತೇಬಿಡುವಷ್ಟು ಗೋಳು ಹೊಯ್ದುಕೊಳ್ಳುತ್ತಿದ್ದ. ಆ ಬೈಗುಳ ಒಮ್ಮೆ ಕೇಳಿಸಿದರೆ ಸಾಕು ಎಂದು ಆಗ ನನಗೆ ಅನ್ನಿಸಿಬಿಟ್ಟಿತು.

"ಇಲ್ಲ ಅಕ್ಕ, ಅವ ಬೈಯುವವನಲ್ಲ" ಎಂದೆ. "ಸಣ್ಣವರಿಗೆ ಸುಲಭದ್ದೇ ಕೇಳ್ತಾನೆ. ಗೊತ್ತಾಗದಿದ್ರೆ ಅವನೇ ಹೇಳಿಕೊಡ್ತಾನೆ."

ಅಮ್ಮ ನೆಲ ನೋಡುತ್ತಾ ತಲೆಯಾಡಿಸಿದರು.

ಆಕೆ ಕಣ್ಣೊರೆಸಿಕೊಂಡು, "ಹಾಗಾದ್ರೆ ಆಗ್ಲಿ" ಎಂದರು. ಬಾಗಿಲವರೆಗೆ ನಮ್ಮನ್ನು ಕಳಿಸಲು ಬಂದವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಅವಳಿಗೆ ಕಾಗೆ ಗೊತ್ತುಂಟು, ಗುಬ್ಬಿ ಗೊತ್ತುಂಟು. ಅಲ್ಲಿಂದ ಶುರು ಮಾಡ್ಲಿಕ್ಕೆ ಅವನಿಗೆ ಹೇಳಿ."

"ಹೇಳ್ತೇನೆ" ಎಂದೆ.